ಕುನ್‌ಹಾಯ್ ಅಣ್ಣನ ಕಪ್ಪು ಮಾತ್ರೆ

ಮಧ್ಯಾಹ್ನ ಎರಡು ಗಂಟೆಯಾಯಿತೆಂದರೆ ತೈವಾನಿನ ನಮ್ಮ ತುಕೂ ಊರಿನಲ್ಲಿ ಬೆಳ್ಳುಳ್ಳಿ ಸುಲಿಯುವ ಅಜ್ಜಿಯರೆಲ್ಲ ರೇಡಿಯೊದ ಪಕ್ಕ ಸರಿಯುತ್ತಾರೆ. ಕುನ್‌ಹಾಯ್ ಅಣ್ಣ ಅದರಲ್ಲಿ ಹಳೆಯ ಹಾಡು ಹಾಕುತ್ತಾನೆ, ಫೋನ್ ಮಾಡಿದವರಿಂದಲೂ ಹಾಡಿಸುತ್ತಾನೆ, ಕೊನೆಗೆ ಔಷಧಿ ಮಾರುತ್ತಾನೆ. ಅರವತ್ತೆಂಟು ತುಂಬಿದ ನನ್ನ ಅತ್ತೆಗೂ ಅವನು ಅಣ್ಣನೇ. ಕಾರ್ಖಾನೆಯಿಂದ ಬಂದ ಮಗ, ಅಂದರೆ ನನ್ನ ಗಂಡ, ಉಂಡು ಮಲಗಿಬಿಡುತ್ತಾರೆ. ಅಣ್ಣನಾದರೋ “ಪೀಯುವೆ ಅಕ್ಕಾ, ಊಟ ಆಯ್ತಾ? ಮಂಡಿ ಹೇಗಿದೆ?” ಎಂದು ಊರಿಗೆಲ್ಲ ಕೇಳುವಂತೆ ವಿಚಾರಿಸುತ್ತಾನೆ.

ಅವನ ಕಪ್ಪು ಮಾತ್ರೆ ಮೂರೇ ದಿನಕ್ಕೆ ಮಂಡಿನೋವು ಓಡಿಸಿತು. ಡಬ್ಬಿಯ ಜೊತೆ ಒಂದು ಬಾಣಲೆ ಉಚಿತ. ಮೂರು ತಿಂಗಳಲ್ಲಿ ಮನೆಗೆ ಮೂರು ಬಾಣಲೆ ಬಂದವು. ಊದಿ ದುಂಡಗಾದ ಅತ್ತೆಯ ಮುಖ ನಾಲ್ಕನೆಯದಾಯಿತು.

“ನೋಡೇ, ಮೈ ಹತ್ತಿದೆ,” ಎಂದು ಕನ್ನಡಿಯ ಮುಂದೆ ಬೀಗಿದರು.

“ಅದು ಬಾವು ಅಮ್ಮ. ಆಸ್ಪತ್ರೆಗೆ ಹೋಗೋಣ.”

“ಅಲ್ಲಿ ಡಾಕ್ಟರು ಕಂಪ್ಯೂಟರ್ ಮುಖ ನೋಡ್ತಾನೆ, ನನ್ನ ಮುಖ ನೋಡಲ್ಲ. ಸುಮ್ಮನಿರು.”

ಒಂದು ದಿನ ಬಟ್ಟೆ ಮಡಚುತ್ತ ನೋಡಿದರೆ, ನಾಲ್ಕು ವರ್ಷದ ಮಗಳು ಯೂತೋಂಗ್ ನಿದ್ದೆಹೋದ ಅಜ್ಜಿಯ ಕಾಲಿಗೆ ಹೆಬ್ಬೆರಳು ಒತ್ತಿ ಒತ್ತಿ ಸಾಲಾಗಿ ಗುಳಿ ಮಾಡಿದ್ದಳು. ಒಂದೊಂದು ಗುಳಿಯಲ್ಲೂ ಒಂದೊಂದು ಕಡಲೆಕಾಯಿ ಬೀಜ.

“ಅಮ್ಮಾ, ಬಿತ್ತನೆ ಮಾಡ್ತಿದ್ದೀನಿ.”

ಬೀಜ ತೆಗೆದೆ. ಗುಳಿಗಳು ಮಾತ್ರ ಹಾಗೇ ಉಳಿದವು.

ಮರುದಿನ ಎರಡು ಗಂಟೆಗೆ, ಅತ್ತೆ ಜಗುಲಿಯಲ್ಲಿ ರೇಡಿಯೊ ಹಚ್ಚಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ, ನಾನು ಹಿತ್ತಲಿಗೆ ಹೋಗಿ ಡಬ್ಬಿಯ ಮೇಲಿದ್ದ ಅವನ ಕಾರ್ಯಕ್ರಮದ ನಂಬರಿಗೆ ಫೋನ್ ಮಾಡಿದೆ.

“ಅಣ್ಣಾ, ನಿಮ್ಮ ಮಾತ್ರೆಯಿಂದ ನಮ್ಮತ್ತೆ ಮಂಡಿನೋವು ಹೋಯ್ತು.”

“ಕೇಳಿದಿರಾ ಅಕ್ಕಂದಿರೇ! ಎಂಥ ಚಿನ್ನದಂಥ ಸೊಸೆ!”

“ಕಾಲು ಮಾತ್ರ ಬಾತಿದೆ. ನನ್ನ ಮಗಳು ಅದರಲ್ಲಿ ಕಡಲೆಕಾಯಿ ಬಿತ್ತಿದ್ದಾಳೆ. ಮಾತ್ರೆಗೆ ಏನೇನು ಹಾಕಿದ್ದೀರಿ?”

“ಅದು... ವಿಷ ಹೊರಗೆ ಬರ್ತಿದೆ ಅಷ್ಟೆ. ಎರಡೆರಡು ನುಂಗೋಕೆ ಹೇಳಿ.”

“ನಮ್ಮತ್ತೆ ನಿಮಗೆ ಗೊತ್ತಲ್ಲ ಅಣ್ಣ, ದಿನಾ ಹಾಡ್ತಾರೆ, ಪೀಯುವೆ ಅಂತ.”

“ಯಾವ ಪೀಯುವೆ? ನೂರು ಮುದುಕಿಯರು ಅರಚ್ತಾರೆ, ಯಾರನ್ನ ಅಂತ ನೆನಪಿಟ್ಕೊಳ್ಳಲಿ?”

ಫೋನ್ ಕಟ್ಟಾಯಿತು. ರೇಡಿಯೊದಲ್ಲಿ ಪ್ರೇಮಗೀತೆ ಶುರುವಾಯಿತು, ಮರುಕ್ಷಣವೇ ನಿಂತುಹೋಯಿತು. ಅತ್ತೆ ಮಡಿಲ ತುಂಬ ಬೆಳ್ಳುಳ್ಳಿ ಸಿಪ್ಪೆ ಹೊತ್ತು ಹಿತ್ತಲಿಗೆ ಬಂದರು.

“ಅರಚ್ತೀನಾ ನಾನು?”

“ಇಲ್ಲಮ್ಮ.”

“ಊರಿಗೆಲ್ಲ ನನ್ನ ಕಾಲು ತೋರಿಸಿಬಿಟ್ಟೆಯಲ್ಲೇ, ಕಳ್ಳಿ!”

“ತಪ್ಪಾಯ್ತಮ್ಮ.”

“ತೋರಿಸಿದ್ದಾಯ್ತಲ್ಲ, ಡಾಕ್ಟರೊಬ್ಬನಿಗೆ ಯಾಕೆ ಬಾಕಿ? ಸ್ಕೂಟರ್ ತೆಗಿ.”

ಡಾಕ್ಟರು ಹುಡುಗಿಯಂತಿದ್ದ ಹೆಂಗಸು. ರಕ್ತ, ಮೂತ್ರ ಪರೀಕ್ಷಿಸಿ, ಡಬ್ಬಿಯನ್ನು ತಿರುಗಿಸಿ ನೋಡಿದರು. ಒಳಗೇನಿದೆ ಎಂದು ಅದರ ಮೇಲೆ ಒಂದಕ್ಷರ ಇರಲಿಲ್ಲ.

“ಸ್ಟೀರಾಯ್ಡ್, ಜೋರಾದ ನೋವಿನ ಔಷಧಿ ಎರಡೂ ಬೆರೆಸಿರೋ ಹಾಗಿದೆ ಅಜ್ಜಿ. ಕಿಡ್ನಿಗೆ ಪೆಟ್ಟು ಬಿದ್ದಿದೆ. ಇನ್ನೂ ತಡ ಮಾಡಿದ್ದರೆ ಯಂತ್ರದಲ್ಲಿ ರಕ್ತ ತೊಳೀಬೇಕಾಗ್ತಿತ್ತೇನೋ. ಈಗಲೇ ಬಂದಿರಲ್ಲ, ಚೇತರಿಸಿಕೊಳ್ಳಬಹುದು.”

“ಇವತ್ತಿಗೇ ಬಿಟ್ಟೆ! ಇನ್ನು ಯಾವ ಮಾತ್ರೇನೂ ಮುಟ್ಟಲ್ಲ.”

“ಅದೂ ಬೇಡ. ಇದನ್ನ ದಿಢೀರಂತ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಡಬ್ಬಿ ನನಗೆ ಕೊಡಿ, ಪರೀಕ್ಷೆಗೆ ಕಳಿಸ್ತೀನಿ. ನಾನು ಬರೆದುಕೊಡೋ ಮಾತ್ರೇನ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ ಬರೋಣ. ನೀವಾಗಿ ನುಂಗೋದೂ ಬೇಡ, ನೀವಾಗಿ ಬಿಡೋದೂ ಬೇಡ. ಅಂದ ಹಾಗೆ, ಇದನ್ನ ಬೇರೆ ಯಾರಾದರೂ ತಿಂತಿದ್ದಾರಾ?”

ಅತ್ತೆ ಬೆರಳು ಮಡಚತೊಡಗಿದರು. ಎರಡೂ ಕೈಯ ಬೆರಳು ಮುಗಿದರೂ ಒಂದು ಹೆಸರು ಉಳಿಯಿತು.

“ಹನ್ನೊಂದು ಜನ,” ಎಂದರು. ದನಿ ಇಳಿದಿತ್ತು. “ನಾನೇ ಹೊಗಳಿ ತರಿಸಿಕೊಟ್ಟಿದ್ದು.”

ಹೊರಗೆ ಬಂದು ಕೂತರು. ಅವರ ಕಣ್ಣು ಒದ್ದೆಯಾದದ್ದನ್ನು ನೋಡಿ ನಾನು ಕೈ ಹಿಡಿದುಕೊಂಡೆ.

“ನಾಳೆ ಬೇಗ ಬಟ್ಟೆ ಒಗೆದುಬಿಡು,” ಎಂದರು ಕೊನೆಗೆ.

“ಯಾಕಮ್ಮ?”

“ಹನ್ನೊಂದು ಜನಾನೂ ಇಲ್ಲಿಗೆ ಕರ್ಕೊಂಡು ಬರಬೇಕು. ನಿನ್ನ ಸ್ಕೂಟರ್‌ನಲ್ಲಿ ಒಂದು ಸಲಕ್ಕೆ ಒಬ್ಬಳೇ ತಾನೇ ಹಿಡಿಸೋದು?”