ಕೆಟಲ್ ಹಳ್ಳದ ಗೇಟು

ನಗರಸಭೆಯ ಕಂಟ್ರೋಲ್ ರೂಮಿನ ಗೋಡೆಯ ಪರದೆಯಲ್ಲಿ ಕೆಂಪು ಚುಕ್ಕಿ ಮಿಣುಕುತ್ತಿದೆ, ಕೆಟಲ್ ಹಳ್ಳದ ಸೇತುವೆ, ಮತ್ತೆ ಅದೇ ಜೇಡ, ನೆರೀನಾ ಗುಂಡಿ ಒತ್ತಿ ಎಚ್ಚರಿಕೆಯ ಬಾಯಿ ಮುಚ್ಚಿಸಿದಳು, ಊಟದ ಹೊತ್ತಿಗೂ ಒಮ್ಮೆ ಮುಚ್ಚಿಸಿದ್ದಳು, ಸೇತುವೆಯಡಿ ನೀರಿನ ಮಟ್ಟ ಅಳೆಯುವ ಯಂತ್ರದ ಮುಂದೆ ಒಂದು ಜೇಡ ಬಲೆ ನೇಯ್ದು ಕೂತರೆ ಸಾಕು, ನೀರು ಇಲ್ಲಿಗೇ ಬಂತು ಅಂತ ಯಂತ್ರ ಬೆದರಿ ತಾನೇ ದೀಪ ಹಚ್ಚಿ, ಎರಡೂ ದಡದ ಗೇಟು ಇಳಿಸಿ, ಊರಿನ ಫೋನುಗಳಿಗೆಲ್ಲ ಸುದ್ದಿ ಕಳಿಸಿಬಿಡುತ್ತಿತ್ತು, ಹೋದ ವಾರ ರಣಬಿಸಿಲಿನಲ್ಲಿ ಹಾಗೇ ಆಗಿ ನಗರಸಭೆಯ ಮಾನ ಮೂರು ಕಾಸಿಗೆ ಹರಾಜಾಯಿತು, ಅಂದಿನಿಂದ ಮನುಷ್ಯರು ಹೂಂ ಅನ್ನದೆ ಅದು ಏನೂ ಮಾಡುವಂತಿಲ್ಲ, ಪಕ್ಕದ ಕುರ್ಚಿಯ ಡ್ಯಾರಿಲ್, ಜೇಡಕ್ಕೂ ಒಂದು ಸಂಬಳ ಕೊಡಿಸೋಣ ಕಣೇ, ನಮಗಿಂತ ಜಾಸ್ತಿ ಕೆಲಸ ಮಾಡುತ್ತೆ ಅಂದಿದ್ದ — ಅವಳು ನಕ್ಕಿದ್ದಳು, ಈಗಲೂ ನಗು ಬರಬೇಕಿತ್ತು, ಊರಲ್ಲಿ ಹನಿಯೂ ಇಲ್ಲ, ಮೋಡ ಮಾತ್ರ ದೂರದ ಬೆಟ್ಟದ ಮೇಲೆ ಕವುಚಿಕೊಂಡಿದೆ, ಬೆಟ್ಟದ ಮೇಲೆ — ಮೇಲಿನ ಸೇತುವೆಯ ಚುಕ್ಕಿಯೂ ಕೆಂಪಾಯಿತು. ಎರಡು ಸೇತುವೆಗೆ ಎರಡು ಜೇಡ ಒಂದೇ ಗಳಿಗೆಗೆ ಬಂದು ಕೂರುತ್ತವೆಯೇ?

ಇವತ್ತು ಶುಕ್ರವಾರ, ಅಪ್ಪ ಬೋಚೆ ಚೆಂಡಾಟ ಆಡಲು ಕ್ಲಬ್ಬಿಗೆ ಬರುವ ದಿನ, ಕಬ್ಬಿನ ಗದ್ದೆಗಳ ನಡುವೆ ಆ ಹಳೇ ಪಿಕಪ್ ಗಾಡಿ, ಕಿಟಕಿಯ ಮೇಲೆ ಮೊಣಕೈ, ಫೋನು ಅಡುಗೆಮನೆಯಲ್ಲೇ ಬಿಟ್ಟಿರುತ್ತಾನೆ, ಅದು ನೀನು ಕಟ್ಟಿದ ಹಗ್ಗ ಮಗಳೇ, ನಾನೇನು ನಾಯೀನಾ — ಹಳ್ಳ ಬಂದರೆ ಇಳಿದು, ಕಲ್ಲೆಸೆದು, ನೀರಿನ ಬಣ್ಣ ನೋಡಿ ದಾಟುತ್ತಿದ್ದ ಮನುಷ್ಯ, ಅವಳೇ ಗದರಿ ಬಿಡಿಸಿದ್ದು, ನಿನ್ನ ಕಣ್ಣು ಮಂಜಾಗಿದೆ ಪಪ್ಪಾ, ದೀಪ ಹತ್ತಿಲ್ಲ ಅಂದ್ರೆ ಬಾ, ಗೇಟು ಬಿದ್ದಿದ್ರೆ ನಿಂತುಬಿಡು, ಎಷ್ಟು ಹೊತ್ತಾದ್ರೂ ಸರಿ, ಆಯ್ತು ಮಾರಾಯ್ತಿ, ನಿನ್ನ ದೀಪಕ್ಕೊಂದು ನಮಸ್ಕಾರ. ದೀಪ ಹತ್ತಿಲ್ಲ, ಹತ್ತಲು ಅವಳು ಬಿಟ್ಟಿಲ್ಲ. ಇಳಿಸೇ, ಡ್ಯಾರಿಲ್ ಕೂಗುತ್ತಿದ್ದಾನೆ, ಇಳಿಸ್ತಿದೀನಿ, ಅವಸರಕ್ಕೆ ಬೇರೆಲ್ಲೋ ಒತ್ತಿದಳು, ಮತ್ತೆ ಒತ್ತಿದಳು, ದೀಪ ಹತ್ತಿತು, ಎರಡೂ ಗೇಟು ಇಳಿದವು, ಉಸಿರು ಬಿಡಬೇಕು — ಯಾರದದು ಗಾಡಿ, ಡ್ಯಾರಿಲ್‌ನ ದನಿ, ನಂಬರು ಓದುವ ಕ್ಯಾಮರಾ ಓದಿಬಿಟ್ಟಿದೆ, ಆಚೆ ದಡದಲ್ಲಿ ಸೇತುವೆ ಹತ್ತಿದ್ದು ಒಂದು, ಈಚೆ ದಡದಲ್ಲಿ ಇಳಿದದ್ದು ಇಲ್ಲ, ಎರಡು ಗೇಟಿನ ನಡುವೆ ಸಿಕ್ಕಿದೆ, ಆ ನಂಬರು ಅವಳಿಗೆ ಬಾಯಿಪಾಠ. ಎತ್ತು, ಎತ್ತು, ಎಷ್ಟು ಒತ್ತಿದರೂ ಏಳುವುದಿಲ್ಲ, ಒಮ್ಮೆ ಬಿದ್ದ ಗೇಟನ್ನು ಅಲ್ಲಿಗೇ ಹೋಗಿ ಕೀಲಿ ತಿರುಗಿಸಿ ಎತ್ತಬೇಕು, ಡ್ಯಾರಿಲ್ ಫೋನಿನಲ್ಲಿ, ಬೇಗ ಬನ್ರೋ, ಮನುಷ್ಯ ಇದಾನೆ ಅಲ್ಲಿ, ಅದೇನು ಮಹಾ ಗೇಟು, ಬರೀ ಪೈಪು, ಗುದ್ದು ಪಪ್ಪಾ, ಗುದ್ದಿಕೊಂಡು ಬಾ, ಇಷ್ಟು ವರ್ಷ ಯಾರ ಮಾತೂ ಕೇಳದವನು ಇವತ್ತೊಂದು ದಿನ ಕೇಳಬೇಡ, ಪರದೆಯ ಕ್ಯಾಮರಾ ಚಿತ್ರದಲ್ಲಿ ಕೆಂಪು ನೀರು ಗಾಲಿ ಮುಚ್ಚಿದೆ, ಗಾಡಿ ಗೇಟಿಗೆ ಒಂದಿಷ್ಟು ಜಾಗ ಬಿಟ್ಟು ನಿಂತಿದೆ, ಅಚ್ಚುಕಟ್ಟಾಗಿ, ಅವಳು ಹೇಳಿಕೊಟ್ಟ ಹಾಗೆ, ಗೇಟು ಏಳಲಿ ಎಂದು ಕಾಯುತ್ತ, ಕಿಟಕಿಯ ಮೇಲೆ ಮೊಣಕೈ, ಮೊಣಕೈ, ಕಿಟಕಿಯ ಮೇಲೆ —