ಮೂರನೇ ಶೆಲ್ಫು

"‘ಇದರಲ್ಲಿ ಒಂದು ಗುಂಡೂ ಹಾರುವುದಿಲ್ಲ, ಒಂದು ಕಾರೂ ಪಲ್ಟಿಯಾಗುವುದಿಲ್ಲ. ಆದರೂ ಮುಗಿಯುವ ಹೊತ್ತಿಗೆ ನಿಮ್ಮ ಅಂಗೈ ಬೆವತಿರುತ್ತದೆ.’ ಏನ್ ಬರೀತಾನೆ ಕಣೆ ಇವ್ನು!"

ರುದ್ರೇಶ ಎಡಗೈಯಲ್ಲಿ ಮೊಬೈಲ್ ಹಿಡಿದು ಓದುತ್ತಿದ್ದ. ಬಲಗೈಯಲ್ಲಿ ಮುರಿದ ಮುದ್ದೆಯ ತುತ್ತು ಸಾರಿನಲ್ಲಿ ಅದ್ದದೆ ಹಾಗೇ ಉಳಿದಿತ್ತು. ಯಶಸ್ವಿನಿ ಸೌಟು ಹಿಡಿದು ನಿಂತಿದ್ದಳು. ಆ ಸಾಲನ್ನು ಅವಳು ಮೂರು ಸಲ ತಿದ್ದಿದ್ದಳು. ಮೊದಲು ‘ಎದೆ ಬಡಿದುಕೊಳ್ಳುತ್ತದೆ’ ಎಂದು ಬರೆದು, ಎಲ್ಲರೂ ಹಾಗೇ ಬರೆಯುತ್ತಾರೆಂದು ಹೊಡೆದುಹಾಕಿದ್ದಳು.

"ನಮ್ಮ ರಜನೀಶ ಕಳ್ಸಿದ ಚಾನೆಲ್ಲು. ‘ಮೂರನೇ ಶೆಲ್ಫು’ ಅಂತ. ಬರೀ ಗೂಢಚಾರರ ಸಿನ್ಮಾ ಬಗ್ಗೆ ಬರೀತಾನೆ. ಅದೂ ಯಾರೂ ನೋಡ್ದೆ ಇರೋವು. ಇವ್ನು ಯಾರೋ ರಿಟೈರ್ ಆಗಿರೋ ಪೊಲೀಸ್ ಆಫೀಸರ್ ಇರ್ಬೇಕು. ಭಾನುವಾರ ಇದ್ನ ನೋಡನ."

"ನೋಡೋಣ," ಎಂದಳು. ಸಾರು ತಟ್ಟೆಯ ಅಂಚಿಗೆ ಚೆಲ್ಲಿತು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ ಅವಳ ಅಪ್ಪ ಬಸವೇಶನ ಸಿ.ಡಿ. ಅಂಗಡಿ ಇತ್ತು. ಮೊದಲ ಶೆಲ್ಫಿನಲ್ಲಿ ಹೊಸ ಕನ್ನಡ ಸಿನಿಮಾಗಳು, ಎರಡನೆಯದರಲ್ಲಿ ಹೊಡೆದಾಟದ ಇಂಗ್ಲಿಷ್ ಸಿನಿಮಾಗಳು, ಮೂರನೆಯದರಲ್ಲಿ ಯಾರೂ ಕೇಳದವು. ಶಾಲೆಯಿಂದ ಬಂದ ಯಶಸ್ವಿನಿ ಸಂಜೆ ಆರರವರೆಗೆ ಅಲ್ಲೇ ಕೂರುತ್ತಿದ್ದಳು. ಗಿರಾಕಿಗಳು ಗೂಢಚಾರರ ಸಿನಿಮಾ ಕೇಳಿದರೆ ಎರಡನೇ ಶೆಲ್ಫಿನದನ್ನು ಕೊಟ್ಟು, ಜೊತೆಗೆ ಮೂರನೆಯದರಿಂದ ಒಂದನ್ನು ತೆಗೆದು, "ಇದ್ನೂ ನೋಡಿ ಸಾ, ಸೇರ್ನಿಲ್ಲ ಅಂದ್ರೆ ನನ್ನ ಬಯ್ಯಿ" ಎನ್ನುತ್ತಿದ್ದಳು. ಕೆಲವರು ಬಂದು ಬೈದರು. ಕೆಲವರು ಆಮೇಲೆ ಅವಳನ್ನೇ ಹುಡುಕಿಕೊಂಡು ಬಂದರು. ಕಾಲ ಬದಲಾಯಿತು, ಸಿ.ಡಿ. ನೋಡುವವರಿಲ್ಲದೆ ಅಂಗಡಿ ಮುಚ್ಚಿತು. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ. ತಿಥಿ ಮುಗಿಸಿ ಚನ್ನರಾಯಪಟ್ಟಣಕ್ಕೆ ವಾಪಸಾದ ವಾರದಲ್ಲೇ ಅವಳು ಬರೆಯಲು ಶುರು ಮಾಡಿದ್ದು. ಮಗಳು ಪ್ರೇಕ್ಷಾಳ ಆನ್‌ಲೈನ್ ಪಾಠಕ್ಕೆಂದು ಕೊಂಡು, ಆಮೇಲೆ ಮೂಲೆ ಸೇರಿದ್ದ ಹಳೆಯ ಫೋನಿನಲ್ಲಿ.

ಬರೆಯಲು ಮನೆಯಲ್ಲಿ ಇದ್ದದ್ದು ಒಂದೇ ಜಾಗ, ಅಡುಗೆಮನೆಯ ಹಿಂದಿನ ಉಗ್ರಾಣ. ಬೆಂಗಳೂರು ರಸ್ತೆಯಲ್ಲಿ ರುದ್ರೇಶನದು ಎಲೆಕ್ಟ್ರಿಕಲ್ ಅಂಗಡಿ. ಪಂಪ್‌ಸೆಟ್ಟು, ವೈರು, ಫ್ಯಾನಿನ ಜೊತೆಗೆ ಸಿಸಿಟಿವಿಯನ್ನೂ ಮಾರತೊಡಗಿದಾಗ ಮೊದಲು ತಂದು ಹಾಕಿದ್ದು ತನ್ನ ಮನೆಗೇ. ಗೇಟಿಗೊಂದು, ಜಗಲಿಗೊಂದು, ಹಾಲಿಗೊಂದು, ಮಹಡಿ ಮೆಟ್ಟಿಲಿಗೊಂದು. ಗಿರಾಕಿಗಳಿಗೆ ಮೊಬೈಲಿನಲ್ಲಿ ಮನೆಯನ್ನೇ ತೋರಿಸುತ್ತಿದ್ದ. "ನೋಡಿ ಸಾ, ನಮ್ಮನೆಯವ್ರು ಹೂ ಕಟ್ತಾವ್ರೆ. ದಾರ ಕೂಡ ಕಾಣ್ತದೆ."

ಅವನು ಬೈಯುವವನಲ್ಲ, ಕೈ ಎತ್ತಿದವನಲ್ಲ. ಅಂಗಡಿಯಿಂದ ಫೋನ್ ಮಾಡಿ, "ಗೇಟ್ ಹತ್ರ ಯಾರ್ ಜೊತೆ ಮಾತಾಡ್ತಿದ್ದೆ?" ಎಂದು ಕೇಳುತ್ತಿದ್ದ.

"ಸೊಪ್ಪಿನವಳು ರೀ."

"ಅಲ್ಲ, ಬಿಸ್ಲಲ್ಲಿ ನಿಂತಿದ್ಯಲ್ಲ, ಅದ್ಕೆ ಕೇಳ್ದೆ."

ಹಾಸನಕ್ಕೆ ಹೋಗಬೇಕೆಂದರೆ ಕಾರು ತೆಗೆಯುತ್ತಿದ್ದ. ತವರಿಗೆ ಹೋಗಬೇಕೆಂದರೂ ಕಾರೇ. "ಬಸ್ಸಲ್ಲಿ ಯಾಕ್ ನೇತಾಡ್ತೀಯ? ನಾನಿಲ್ವಾ?" ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಒಬ್ಬಳೇ ಬಸ್ಸು ಹತ್ತಿರಲಿಲ್ಲ. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ಪುಣ್ಯವಂತೆ ಎನ್ನುತ್ತಿದ್ದರು.

ಅವನು ಮುದ್ದೆ ಹಿಡಿದು ಅವಳ ಬರಹ ಓದಿದ ದಿನ ಬೆಳಿಗ್ಗೆಯೇ ಚಾನೆಲ್ಲಿಗೆ ಒಂದು ಪತ್ರ ಬಂದಿತ್ತು. ಹಾಸನದ ಕಾಲೇಜೊಂದರ ಅಧ್ಯಾಪಕಿ ಕೋಮಲಾ ಬರೆದದ್ದು. ‘ನಮ್ಮ ಸಿನಿಮಾ ಸಂಘದ ಮಕ್ಕಳು ಥ್ರಿಲ್ಲರ್ ಬಿಟ್ಟು ಬೇರೆ ನೋಡುವುದಿಲ್ಲ. ಅವರು ನೋಡಲೇಬೇಕಾದ ಐದು ಸಿನಿಮಾಗಳ ಬಗ್ಗೆ ಮುಂದಿನ ಶನಿವಾರ ಬಂದು ಮಾತಾಡುತ್ತೀರಾ? ನೀವು ಯಾರೆಂದು ಗೊತ್ತಿಲ್ಲ. ಆದರೆ ನಿಮ್ಮ ಬರಹ ಓದಿದರೆ ಯಾರೋ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ ಹಾಗಿರುತ್ತದೆ.’

ಮೂರು ಮಧ್ಯಾಹ್ನ ಅವಳು ರಾಗಿಚೀಲದ ಮೇಲೆ ಕೂತು ದಾರಿ ಹುಡುಕಿದಳು. ಹಲ್ಲುನೋವು ಎಂದರೆ ಅತ್ತೆ ಪ್ರೇಮಕುಮಾರಿ ಜೊತೆಗೆ ಹೊರಡುತ್ತಾರೆ. ಗೆಳತಿಯ ಮನೆ ಎಂದರೆ ರುದ್ರೇಶ ಗೆಳತಿಯ ಮನೆ ಬಾಗಿಲಲ್ಲೇ ಇಳಿಸುತ್ತಾನೆ. ಯಾವ ಸುಳ್ಳೂ ಗೇಟು ದಾಟಲಿಲ್ಲ.

ಭಾನುವಾರ ಮಧ್ಯಾಹ್ನ ಹಾಲಿನಲ್ಲಿ ಇಬ್ಬರೂ ಸಿನಿಮಾ ನೋಡಿದರು. ಬಂದರಿನ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿರುವ ಹೆಂಗಸು ಹನ್ನೊಂದು ವರ್ಷ ಹಡಗುಗಳ ವೇಳಾಪಟ್ಟಿಯನ್ನು ಇನ್ನೊಂದು ದೇಶಕ್ಕೆ ಕಳಿಸುವ ಕಥೆ. ಸಂಜೆ ಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತಾಳೆ, ಗಂಡನ ಕೋಟಿಗೆ ಗುಂಡಿ ಹಾಕುತ್ತಾಳೆ. ರುದ್ರೇಶ ಒಂದು ಸಲವೂ ಫೋನ್ ಮುಟ್ಟಲಿಲ್ಲ. ಮುಗಿದ ಮೇಲೆ ಟಿ.ವಿ. ಆರಿಸಿದ.

"ಗಂಡಂಗೆ ಒಂದ್ಮಾತು ಹೇಳ್ಬೋದಿತ್ತು ಕಣೆ ಅವ್ಳು. ಪಾಪ, ಒಳ್ಳೆಯವ್ನು."

ಅವನ ಕಣ್ಣು ತೇವವಾಗಿತ್ತು. ಅದನ್ನು ನೋಡಿಯೇ ಅವಳಿಗೆ ಧೈರ್ಯ ಬಂದದ್ದು.

"ಅದನ್ನ ಬರೆದದ್ದು ನಾನೇ ರೀ."

"ಯಾವ್ದು?"

"ಮೂರನೇ ಶೆಲ್ಫು."

ಅವನು ನಕ್ಕ. ಅವಳು ಎದ್ದು ಹೋಗಿ ರಾಗಿಚೀಲದ ಸಂದಿಯಿಂದ ಹಳೆಯ ಫೋನ್ ತಂದು ಅವನ ಕೈಗಿಟ್ಟಳು. ಅವನು ಬೆರಳಾಡಿಸುತ್ತ ಹೋದ ಹಾಗೆ ನಗು ಕರಗಿತು.

"ನೂರಾ ಹದ್ನಾಲ್ಕು ಬರ್ದಿದ್ದೀಯ. ಯಾವಾಗ?"

"ಮಧ್ಯಾಹ್ನ. ಅತ್ತೆ ಮಲಗಿದ ಮೇಲೆ. ಉಗ್ರಾಣದಲ್ಲಿ."

ಅವನು ಎದ್ದು ಉಗ್ರಾಣಕ್ಕೆ ಹೋದ. ಒಳಗೆ ನಿಂತು ನಾಲ್ಕೂ ಗೋಡೆ ನೋಡಿ ಬಂದ. "ಅಲ್ಲಿ ನೆಟ್‌ವರ್ಕೇ ಸಿಗಲ್ವಲ್ಲೆ."

"ಕಿಂಡಿ ಹತ್ರ ಸಿಗ್ತದೆ."

"ನಾನು, ಅಡುಗೆಮನೇಲಿದ್ದೀಯ ಅನ್ಕಂಡಿದ್ದೆ," ಎಂದ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅವನ ದೃಷ್ಟಿ ಹಾಲಿನ ಮೂಲೆಯ ಕ್ಯಾಮೆರಾದ ಮೇಲಿತ್ತು, ಮಾರಿದ ಮಾಲು ಕೆಟ್ಟಿತೆಂದು ಗಿರಾಕಿ ವಾಪಸ್ ತಂದಾಗ ನೋಡುವ ಹಾಗೆ.

ಸಂಜೆಯ ಹೊತ್ತಿಗೆ ಅದೂ ಕಳೆಯಿತು. ರುದ್ರೇಶ ತನ್ನ ಅಪ್ಪ ಗೌರೀಶಂಕರರನ್ನೂ ಅಮ್ಮನನ್ನೂ ಕೂರಿಸಿಕೊಂಡು ಎಲ್ಲ ಹೇಳಿದ, ಅವಳು ಬರೆದದ್ದನ್ನೂ ಕೋಮಲಾ ಅವರ ಪತ್ರವನ್ನೂ ಓದಿ ತೋರಿಸಿದ. ಗೌರೀಶಂಕರರು, "ಕೆಟ್ಟದ್ದೇನಲ್ವಲ್ಲ, ಬರೀಲಿ ಬುಡು," ಎಂದರು. ಅತ್ತೆ, "ಕತ್ಲಲ್ಲಿ ಕೂತು ಕಣ್ಣು ಹಾಳ್ಮಾಡ್ಕಂಡ್ಯಲ್ಲ, ಹೇಳ್ಬಾರ್ದಾಗಿತ್ತೇನೆ?" ಎಂದು ನೊಂದುಕೊಂಡರು. ಯಶಸ್ವಿನಿಗೆ ಅಳು ಬಂತು. ಇಷ್ಟಕ್ಕೇ ಎರಡು ವರ್ಷ ಹೆದರಿದ್ದೆನಲ್ಲ ಎನ್ನಿಸಿತು.

ಶನಿವಾರ ರುದ್ರೇಶ ಅಂಗಡಿಯನ್ನು ಅಪ್ಪನಿಗೆ ಬಿಟ್ಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋದ. ಕಾಲೇಜಿನ ಕೋಣೆಯಲ್ಲಿ ಮೂವತ್ತು ಮಕ್ಕಳಿದ್ದರು. ಅವನು ಮೊದಲ ಸಾಲಿನಲ್ಲಿ ಕೂತು ಮೊಬೈಲ್ ಎತ್ತಿ ಹಿಡಿದ. ಅವಳು ಅಪ್ಪನ ಅಂಗಡಿಯಿಂದ ಶುರು ಮಾಡಿದಳು. ಮಕ್ಕಳು ಅಲುಗಾಡದೆ ಕೇಳಿದರು. ಬರೆದು ತಂದಿದ್ದ ಮೂರನೇ ಹಾಳೆಯಲ್ಲಿ ಹೀಗಿತ್ತು: ‘ಗೂಢಚಾರರು ಕೋಟು ಹಾಕಿಕೊಂಡು ಬರುವುದಿಲ್ಲ. ದಿನಾ ಅದೇ ಮನೆಯಲ್ಲಿ ಅಡುಗೆ ಮಾಡಿ, ಅದೇ ಮುಖ ಇಟ್ಟುಕೊಂಡು, ಯಾರೂ ನೋಡದ ಒಂದು ಗಂಟೆಗಾಗಿ ಕಾಯುತ್ತಾರೆ.’ ಅವಳು ತಲೆ ಎತ್ತಿದಳು. ರುದ್ರೇಶ ಮೊಬೈಲಿನ ಹಿಂದಿನಿಂದ ನಗುತ್ತ, ಮುಂದುವರಿಸು ಎಂದು ತಲೆಯಾಡಿಸಿದ. ಅವಳು ಆ ಹಾಳೆಯನ್ನು ಓದದೆ ಮಗುಚಿ ನಾಲ್ಕನೆಯದಕ್ಕೆ ಹೋದಳು.

ಕೊನೆಗೆ ಒಬ್ಬ ಹುಡುಗಿ ಎದ್ದು, "ಮೇಡಂ, ಮೊದಲು ಯಾವ್ದು ನೋಡ್ಬೇಕು?" ಎಂದು ಕೇಳಿದಳು.

"ಆ ಟೈಪಿಸ್ಟ್‌ದು ನೋಡಮ್ಮ," ಎಂದ ರುದ್ರೇಶ ಹಿಂದಕ್ಕೆ ತಿರುಗಿ. "ನಾವಿಬ್ರೂ ಜೊತೇಲೇ ನೋಡಿದ್ವು. ಬೋ ಚೆನ್ನಾಗದೆ."

ಮಕ್ಕಳು ಚಪ್ಪಾಳೆ ತಟ್ಟಿದರು. ಕೋಮಲಾ ಮೇಡಂ ಮಾತ್ರ ತಟ್ಟದೆ ಯಶಸ್ವಿನಿಯ ಮುಖ ನೋಡಿದರು. ಕಾರಿನವರೆಗೂ ಜೊತೆಗೆ ಬಂದರು.

ಮುಂದಿನ ಬುಧವಾರ ಮನೆಗೆ ಮೇಜು ಬಂತು. ತೇಗದ್ದು, ಡ್ರಾಯರ್ ಇದ್ದದ್ದು. ಉಗ್ರಾಣದಲ್ಲಿ ಗಾಳಿಯಿಲ್ಲವೆಂದು ರುದ್ರೇಶ ಅದನ್ನು ಹಾಲಿನಲ್ಲಿ, ಕಿಟಕಿಯ ಪಕ್ಕ ಹಾಕಿಸಿದ. ಹಳೆಯ ಫೋನನ್ನು ಪ್ರೇಕ್ಷಾಳಿಗೆ ಆಡಲು ಕೊಟ್ಟು, ಯಶಸ್ವಿನಿಗೆ ಹೊಸದು ತಂದ. ಚಾನೆಲ್ಲಿಗೆ ತಮ್ಮಿಬ್ಬರ ಫೋಟೊ ಹಾಕಿದ. ಆರುನೂರು ಮಂದಿ ಓದುತ್ತಿದ್ದದ್ದು ನಾಲ್ಕು ಸಾವಿರಕ್ಕೆ ಏರಿತು. ಅದರಲ್ಲಿ ಅರ್ಧಕ್ಕರ್ಧ ಅವನ ಗಿರಾಕಿಗಳು, ನೆಂಟರು. ಅವಳು ಬರೆದದ್ದನ್ನು ಹಾಕುವ ಮೊದಲು ಒಮ್ಮೆ ಅವನು ಓದುವುದೆಂದಾಯಿತು.

"ಇಲ್ಲಿ ‘ಗಂಡನಿಗೆ ಗೊತ್ತಾಗದ ಹಾಗೆ’ ಅಂತ ಬರ್ದಿದ್ದೀಯ."

"ಸಿನಿಮಾದಲ್ಲಿ ಹಾಗೇ ಇದೆಯಲ್ಲ ರೀ."

"ಇರ್ಲಿ ಕಣೆ. ಈಗ ನಾವ್ಯಾರು ಅಂತ ಎಲ್ರಿಗೂ ಗೊತ್ತಲ್ಲ. ‘ಯಾರಿಗೂ ಗೊತ್ತಾಗದ ಹಾಗೆ’ ಅಂತ ಮಾಡು. ಅರ್ಥ ಒಂದೇ."

ಅವಳು ಹಾಗೇ ಮಾಡಿದಳು. ಆಮೇಲೆ ಬರೆಯಲು ಕೂತರೆ ಮೊದಲ ಸಾಲು ಬರಲಿಲ್ಲ. ಅತ್ತೆ ಮಲಗಿದ ಮೇಲೆ ಮೇಜಿನ ಮುಂದೆ ಕೂರುವಳು. ಬೆನ್ನ ಹಿಂದಿನ ಮೂಲೆಯಲ್ಲಿ ಕ್ಯಾಮೆರಾದ ಕೆಂಪು ಚುಕ್ಕೆ. ತಿರುಗಿ ನೋಡಬಾರದೆಂದುಕೊಂಡಷ್ಟೂ ಕತ್ತು ಬಿಗಿಯುತ್ತಿತ್ತು. ಒಮ್ಮೆ ಎದ್ದು ಉಗ್ರಾಣಕ್ಕೆ ಹೋಗಿ ಚೀಲದ ಮೇಲೆ ಕೂತಳು. ಐದು ನಿಮಿಷಕ್ಕೆ ಫೋನು ಬಂತು. "ಮೇಜು ಇರ್ವಾಗ ಅಲ್ಲಿಗ್ ಯಾಕ್ ಹೋದೆ? ಕುರ್ಚಿ ಎತ್ರ ಆಯ್ತಾ?"

ಹದಿನೈದು ದಿನ ಹೀಗೆ ಕಳೆಯಿತು. ಒಂದು ಮಧ್ಯಾಹ್ನ ಅವನೇ ಫೋನ್ ಮಾಡಿದ. ಹಿಂದೆ ಯಾರೋ ಮೋಟಾರಿನ ಬಗ್ಗೆ ವಿಚಾರಿಸುತ್ತಿದ್ದ ಸದ್ದು ಕೇಳುತ್ತಿತ್ತು.

"ಯಶು, ಮುಕ್ಕಾಲ್ ಗಂಟೆಯಿಂದ ಕೂತಿದ್ದೀಯ. ಬರೀತಾನೇ ಇಲ್ವಲ್ಲ. ತಲೆನೋವಾ?"

"ಇಲ್ಲ ರೀ."

"ಮತ್ತೆ?"

"ಯೋಚನೆ ಮಾಡ್ತಿದ್ದೆ."

"ಏನ್ ಯೋಚ್ನೆ?"

ಅವಳು ಮೇಜಿನ ಮೇಲಿದ್ದ ತನ್ನ ಕೈಗಳನ್ನು ನೋಡಿಕೊಂಡಳು. ಆ ಕಡೆಯಿಂದ ಅವನೂ ಅವನ್ನೇ ನೋಡುತ್ತಿದ್ದಿರಬೇಕು.

ಮರುದಿನ ಬೆಳಿಗ್ಗೆ ಹೊಸ ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಬಿಟ್ಟು, ಪ್ರೇಕ್ಷಾಳ ಚೀಲ ಹೊತ್ತುಕೊಂಡು ಗೇಟು ದಾಟಿದಳು. ಬೀದಿಯ ತಿರುವಿನಲ್ಲಿ ಶಾಲೆಯ ವ್ಯಾನು ಬಂತು. ಮಗಳು ಕೈ ಬೀಸಿ ಹೋದಳು. ಯಶಸ್ವಿನಿ ವಾಪಸ್ ತಿರುಗಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನಡೆದು, ಹೊರಡಲು ನಿಂತಿದ್ದ ಬಸ್ಸನ್ನು ಹತ್ತಿದಳು. ಕಂಡಕ್ಟರು, "ಆಧಾರ್ ತೋರ್ಸಮ್ಮ" ಎಂದ. ತಂದಿರಲಿಲ್ಲ. ದುಡ್ಡು ಕೊಟ್ಟೇ ಹಿರೀಸಾವೆಗೆ ಟಿಕೆಟ್ ತೆಗೆದುಕೊಂಡಳು. ಹಿರೀಸಾವೆಯಲ್ಲಿ ಅವಳಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ.

ಇಳಿದು ರಸ್ತೆ ಬದಿಯ ಹೋಟೆಲಿನಲ್ಲಿ ಕಾಫಿ ಹೇಳಿದಳು. ಎದುರಿಗೆ ಒಬ್ಬ ಮುದುಕಿ ಇಡ್ಲಿ ತಿನ್ನುತ್ತಿದ್ದಳು. ಪಕ್ಕದಲ್ಲಿ ತೆಂಗಿನಪೊರಕೆಯ ಕಟ್ಟು.

"ನಾನು ಬೆಟ್ಟಮ್ಮ ಅಂತ. ದಂಡಿಗನಳ್ಳಿ," ಎಂದಳು ಮುದುಕಿ, ಕೇಳದೆಯೇ. "ನಿಂದು ಯಾವೂರವ್ವ?"

"ದುದ್ದ," ಎಂದಳು ಯಶಸ್ವಿನಿ.

"ದುದ್ದದಾಗೆ ಯಾರ ಪೈಕಿ?"

"ದೇವಯ್ಯನೋರ ಮಗಳು. ಹಸ ಕಟ್ಟೀವಿ. ಡೈರಿಗೆ ಹಾಲು ಹಾಕ್ತೀವಿ."

"ಎಷ್ಟದವೆ?"

"ಮೂರು. ಒಂದು ಗಬ್ಬ."

"ಎಸ್ರೇನು?"

"ಗಂಗೆ."

"ಹಸುವಿನ ಎಸ್ರಲ್ಲ ಕಣವ್ವ, ನಿಂದು," ಎಂದು ಬೆಟ್ಟಮ್ಮ ನಕ್ಕಳು. ಯಶಸ್ವಿನಿಯೂ ನಕ್ಕಳು. ನಗು ನಿಲ್ಲಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಗಬ್ಬದ ಹಸ ಬುಟ್ಟು ಬಂದಿದ್ದೀಯ. ಬಿರ್ರನೆ ಓಗು. ನೋಡ್ಕಳಾಕೆ ಯಾರವ್ರೆ?"

"ಇನ್ನೂ ದಿನ ಐತೆ ಅಜ್ಜಿ," ಎಂದು ಹೇಳಿ, ಇನ್ನೊಂದು ಕಾಫಿ ತರಲು ಹೇಳಿದಳು.

ರಸ್ತೆಯ ಆಚೆ ಬದಿಗೆ ಚನ್ನರಾಯಪಟ್ಟಣದ ಬಸ್ಸು ಬಂದು ನಿಂತಿತು. ಹತ್ತುವವರು ಹತ್ತಿದರು, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಬೆಟ್ಟಮ್ಮ ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಗಂಗೆಯ ಬಣ್ಣ ಯಾವುದೆಂದು ಕೇಳಿದಳು. ಯಶಸ್ವಿನಿ ಲೋಟದಲ್ಲಿ ಸಕ್ಕರೆ ಕಲಕುತ್ತ, ಹಣೆಯ ಮೇಲಿನ ಬಿಳಿ ಮಚ್ಚೆಯಿಂದ ಹೇಳಲು ಶುರು ಮಾಡಿದಳು.