ಥೀಮ್ ಪಾರ್ಕಿಗೆ ಹಾಕಿದ ಡ್ಯೂಟಿ

ಬಸ್ ಡಿಪೋದಲ್ಲಿ ಯಾರು ಯಾವ ಬಸ್ಸಿಗೆ, ಯಾವ ಹೊತ್ತಿಗೆ ಎಂದು ಡ್ಯೂಟಿ ಹಾಕುವ ಕೆಲಸ ಅವನದು. ಹಾಗಾಗಿ ಡಿಪೋಗೆ ಡಿಪೋವೇ ಅವನನ್ನು ಡ್ಯೂಟಿಯಪ್ಪ ಎಂದು ಕರೆಯುತ್ತಿತ್ತು. ಡ್ರೈವರಿಗೆ ಜ್ವರ ಬರಲಿ, ಕಂಡಕ್ಟರು ಹೇಳದೆ ಕೇಳದೆ ಮದುವೆಗೆ ಹೋಗಲಿ, ಎಲ್ಲಿಂದಲೋ ಒಬ್ಬನನ್ನು ಎತ್ತಿ ಇನ್ನೆಲ್ಲೋ ಕೂರಿಸಿ ಬಸ್ಸು ಹೊರಡಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಅಂಥವನು ಮಗಳ ರಜೆಗೆ ಥೀಮ್ ಪಾರ್ಕಿನಲ್ಲಿ ಎಷ್ಟು ದಿನ ಇರುವುದು ಎಂಬ ಪ್ರಶ್ನೆಗೆ ಉತ್ತರ ಹೊಳೆಯದೆ ವಾರಗಟ್ಟಲೆ ತಲೆ ಕೆರೆದುಕೊಳ್ಳುತ್ತ ಕೂತಿದ್ದ.

ಸಲಹೆಗೇನು ಬರವಿರಲಿಲ್ಲ. ಊರಿಗೊಬ್ಬ ಡಾಕ್ಟರು ಸಿಗದೆ ಹೋದಾನು, ಥೀಮ್ ಪಾರ್ಕಿನ ಬಗ್ಗೆ ಬುದ್ಧಿ ಹೇಳುವವರು ಮಾತ್ರ ಬೀದಿಗೆ ಹತ್ತು ಜನ. "ಒಂದೇ ದಿನ ಸಾಕು ಸಾರ್, ಎರಡನೇ ದಿನ ಕಾಲು ಹಿಡ್ಕೊಂಡು ಅಳ್ತೀರಿ" ಎಂದ ಹಿರಿಯ ಡ್ರೈವರು. "ಅಯ್ಯೋ, ಒಂದು ದಿನ ಕ್ಯೂನಲ್ಲೇ ಮುಗಿದು ಹೋಗತ್ತೆ, ಮೂರು ದಿನಕ್ಕೆ ಕಮ್ಮಿ ಹೋದ್ರೆ ದಂಡ" ಎಂದಳು ಟಿಕೆಟ್ ಯಂತ್ರ ರಿಪೇರಿಯವಳು. ಪಾರ್ಕಿನವರ ವೆಬ್‌ಸೈಟಿನಲ್ಲಿ ನಗುನಗುತ್ತ ಕೈ ಬೀಸುವ ನಾಲ್ಕು ಜನರ ಒಂದು ಸಂಸಾರವಿತ್ತು. ಅವರ ಪ್ರಕಾರ ವಾರ ಇದ್ದರೂ ಸಾಲದು. ಆ ನಾಲ್ವರ ಮುಖ ನೋಡಿದಾಗಲೆಲ್ಲ ಡ್ಯೂಟಿಯಪ್ಪನಿಗೆ ಮೈ ಉರಿಯುತ್ತಿತ್ತು. ಇವರಿಗೇನಪ್ಪ, ನಾಲ್ಕೂ ಜನ ಒಟ್ಟಿಗೆ ಒಂದೇ ಕಡೆ ನಿಂತು ನಗಬಹುದು ಎಂದುಕೊಂಡು ಪುಟ ಮುಚ್ಚುತ್ತಿದ್ದ.

ಅವನ ಮನೆಯಲ್ಲೂ ಇದ್ದವರು ನಾಲ್ಕೇ ಜನ. ಅವನು, ಅವನ ಹೆಂಡತಿ, ಮಗ, ಮಗಳು. ಮಗನಿಗೆ ಹದಿನೈದು ದಾಟಿತ್ತು, ಎತ್ತರದಲ್ಲಿ ಅಪ್ಪನನ್ನು ಮೀರಿಸಿದ್ದ. ಚಿಕ್ಕಂದಿನಲ್ಲೇ ಡಾಕ್ಟರು ಆಟಿಸಂ ಎಂದಿದ್ದರು. ಅವನಿಗೆ ಮಾತಿಲ್ಲ, ಗದ್ದಲ ಆಗದು, ಗೊತ್ತಿರದ ಜಾಗ ಆಗದು. ಊಟಕ್ಕೆ ಅದೇ ಕುರ್ಚಿ, ಅದೇ ತಟ್ಟೆ, ಕಿಟಕಿಯ ಪರದೆ ಅರ್ಧ ಮಾತ್ರ ತೆಗೆದಿರಬೇಕು. ಇಡೀ ಮನೆ ಅವನ ಅಪ್ಪಣೆಯಂತೆ ನಡೆಯುತ್ತಿದ್ದುದರಿಂದ ಎಲ್ಲರೂ ಅವನನ್ನು ದೊರೆ ಎನ್ನುತ್ತಿದ್ದರು. ಮಗಳು ಹನ್ನೆರಡರವಳು. ಪ್ರತಿ ಮಾತಿಗೂ ಯಾಕೆ, ಏನು ಎಂದು ವಾದಕ್ಕಿಳಿಯುತ್ತಿದ್ದುದರಿಂದ ಅವಳ ಹೆಸರು ಲಾಯರಮ್ಮ.

ದೊರೆಯನ್ನು ಒಂಟಿಯಾಗಿ ಬಿಡುವಂತಿಲ್ಲ. ಅವನಂಥ ಮಕ್ಕಳಿದ್ದ ಶಾಲೆ ಬಾಗಿಲು ಹಾಕಿದ ಮೇಲೆ ಗಂಡ ಹೆಂಡತಿ ಮನೆಯಲ್ಲೇ ಪಾಳಿ ಹಾಕಿಕೊಂಡಿದ್ದರು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕಿ ಚೌಕಟ್ಟಿಗೆ ಕೂರಿಸುವ ಕೆಲಸ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಬರುತ್ತಿದ್ದಳು. ಅವಳು ಚಪ್ಪಲಿ ಬಿಡುವಾಗ ಇವನು ಚಪ್ಪಲಿ ಮೆಟ್ಟುತ್ತಿದ್ದ. "ಉಂಡಿದಾನೆ, ಬಲಗೈ ಕಚ್ಕೊಂಡಿದಾನೆ, ಮುಲಾಮು ಹಚ್ಚಿದೀನಿ" ಎಂದು ಬಾಗಿಲಲ್ಲೇ ವರದಿ ಒಪ್ಪಿಸಿ ಡಿಪೋಗೆ ಓಡುತ್ತಿದ್ದ. ಗಂಡ ಹೆಂಡತಿಯ ಸಂಸಾರವೆಲ್ಲ ಆ ಹೊಸಿಲ ಮೇಲೆಯೇ ನಡೆದುಹೋಗುತ್ತಿತ್ತು.

ಈ ಪಾಳಿಯಲ್ಲಿ ಮಗಳಿಗೆ ಜಾಗವಿರಲಿಲ್ಲ. ಅದು ಡ್ಯೂಟಿಯಪ್ಪನ ಹಟ. ಅವಳು ಇನ್ನೂ ಪುಟ್ಟವಳಿದ್ದಾಗ ಅವನ ಅಕ್ಕ ಮನೆಗೆ ಬಂದು, ದೊರೆಯ ರಂಪವನ್ನೆಲ್ಲ ನೋಡಿ, ಹೋಗುವಾಗ ಮಗುವಿನ ಗಲ್ಲ ಹಿಂಡಿ, "ಬಿಡೋ, ಯಾಕೆ ಚಿಂತೆ ಮಾಡ್ತೀಯ, ನಿಮ್ಮ ಕಾಲ ಆದ್ಮೇಲೆ ಅವನನ್ನ ನೋಡ್ಕೊಳ್ಳೋಕೆ ಇವಳಿದಾಳಲ್ಲ" ಎಂದಿದ್ದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅವನಿಗೆ ಆ ಮಾತು ಎದೆಗೆ ನಾಟಿತು. ಹುಟ್ಟಿದ್ದೇ ತಪ್ಪೆಂಬಂತೆ ಇವಳ ತಲೆಗೆ ಇದನ್ನು ಕಟ್ಟುವುದೇ? ತಾನು ಬದುಕಿರುವ ತನಕ ಈ ಹುಡುಗಿಗೆ ಅಣ್ಣನ ಡ್ಯೂಟಿ ಹಾಕುವುದಿಲ್ಲ ಎಂದು ಅವತ್ತೇ ನಿರ್ಧರಿಸಿದ. ನೀರು ಕೊಡು, ಟವೆಲ್ ತಾ ಎಂದು ಕೂಡ ಅವಳಿಗೆ ಹೇಳುತ್ತಿರಲಿಲ್ಲ. ಅವಳು ಓದಲಿ, ಆಡಲಿ, ಜಗಳವಾಡಲಿ, ಅವಳ ಪಾಡಿಗೆ ಅವಳಿರಲಿ ಎಂಬುದಷ್ಟೇ ಅವನ ಆಸೆ. ಥೀಮ್ ಪಾರ್ಕೂ ಅದಕ್ಕಾಗಿಯೇ. ಗೆಳತಿ ಹೋಗಿ ಬಂದು ಕಥೆ ಹೇಳಿದ ದಿನದಿಂದ ಅವಳು ಒಂದೇ ಸಮ ಕೇಳುತ್ತಿದ್ದಳು, ಅವನೂ ಮಾತು ಕೊಟ್ಟಿದ್ದ. ಒಂದು ರಜೆಯಾದರೂ ಪೂರ್ತಿ ಅವಳದಾಗಿರಬೇಕಿತ್ತು.

ಒಂದು ದಿನದ ಮಟ್ಟಿಗೆ ಹೋಗಿ ಬರೋಣವೆಂದರೆ ದೊರೆಯನ್ನು ಬಿಡುವುದೆಲ್ಲಿ? ಒಮ್ಮೆ ಅಕ್ಕನ ಮನೆಯಲ್ಲಿ ಬಿಟ್ಟು, ಊಟದ ಹೊತ್ತಿಗೆಲ್ಲ ಅವಳ ಫೋನು ಬಂದು, ಎದ್ದೆವೋ ಬಿದ್ದೆವೋ ಎಂದು ವಾಪಸು ಓಡಿದ್ದಾಗಿತ್ತು. ಕರೆದುಕೊಂಡೇ ಹೋಗಬೇಕು, ಪಾರ್ಕಿನ ಪಕ್ಕದ ಹೋಟೆಲಿನಲ್ಲಿ ರೂಮು ಮಾಡಬೇಕು. ಹೊಸ ರೂಮಿಗೆ ಹೊಂದಿಕೊಳ್ಳಲು ಅವನಿಗೆ ಒಂದು ದಿನ ಹಿಡಿಯುತ್ತದೆ. ಆಮೇಲೆ ಒಬ್ಬರು ರೂಮಿನಲ್ಲಿ ಅವನ ಜೊತೆ, ಒಬ್ಬರು ಪಾರ್ಕಿನಲ್ಲಿ ಮಗಳ ಜೊತೆ. ನಾಲ್ಕು ಗೋಡೆಯ ನಡುವೆ ಅವನೊಂದಿಗೆ ಅರ್ಧ ದಿನ ಕಳೆದವರು ಸುಸ್ತಾಗಿ ಬೀಳುತ್ತಾರೆ, ಆದ್ದರಿಂದ ಪಾಳಿ ಚಿಕ್ಕದಿರಬೇಕು. ಪಾಳಿ ಚಿಕ್ಕದಾದಷ್ಟೂ ಹೋಗಿ ಬರುವುದೇ ಹೆಚ್ಚಾಗಿ ಆಟಕ್ಕೆ ಸಿಗುವ ಹೊತ್ತು ಕಡಿಮೆಯಾಗುತ್ತದೆ, ದಿನಗಳು ಬೆಳೆಯುತ್ತವೆ. ಹೀಗೆ ಕೂಡಿಸಿ ಕಳೆದು, ಡಿಪೋದ ಚೌಕುಳಿ ಹಾಳೆಯ ಮೇಲೆಯೇ ಅಡ್ಡಗೆರೆ ಉದ್ದಗೆರೆ ಎಳೆದು, ಕೊನೆಗೆ ನಾಲ್ಕು ದಿನ ಎಂಬ ತೀರ್ಮಾನಕ್ಕೆ ಬಂದ. ಡ್ಯೂಟಿ ಹಾಕುವವರು ಮಾತ್ರ ಮೆಚ್ಚಬಹುದಾದ ಹಾಳೆ ಅದು. ಒಂದು ಗಳಿಗೆಯೂ ಸೋರಿ ಹೋಗಿರಲಿಲ್ಲ. ತಾನೇ ಎರಡೆರಡು ಸಲ ನೋಡಿ ಖುಷಿಪಟ್ಟ.

ಭಾನುವಾರ ಊಟವಾದ ಮೇಲೆ ಹಾಳೆಯನ್ನು ಮೇಜಿನ ಮೇಲೆ ಹರಡಿದ. ದೊರೆ ತನ್ನ ಕುರ್ಚಿಯಲ್ಲಿ ಕೂತು ಅಂಗಿಯ ಒಂದು ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಹೆಂಡತಿ ಕನ್ನಡಕ ಏರಿಸಿ ಹಾಳೆಯ ಮೇಲೆ ಬಗ್ಗಿದಳು.

"ಚೆನ್ನಾಗಿದೆ" ಎಂದಳು. "ಇದ್ರಲ್ಲಿ ನೀವು ನಾನು ಸಿಗೋದೆಲ್ಲಿ?"

"ರೂಮಿನ ಬಾಗಿಲಲ್ಲಿ."

"ಅದಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಇದೆಯಲ್ಲ ಬಾಗಿಲು" ಎಂದು ನಕ್ಕಳು. ನಕ್ಕರೂ ಹಾಳೆಯಿಂದ ಕಣ್ಣು ಕೀಳಲಿಲ್ಲ.

ಅವನು ಪೆಚ್ಚಾದ. ಅಷ್ಟು ದಿನ ತಲೆ ಕೆಡಿಸಿಕೊಂಡರೂ ಇದು ಅವನಿಗೆ ಹೊಳೆದೇ ಇರಲಿಲ್ಲ. ಬಸ್ಸಿನಿಂದ ಒಬ್ಬ ಡ್ರೈವರು ಇಳಿದ ಮೇಲೆ ಇನ್ನೊಬ್ಬ ಹತ್ತುವುದು ಸರಿ, ಇಬ್ಬರೂ ಒಂದೇ ಸೀಟಿನಲ್ಲಿ ಕೂರುವುದುಂಟೇ? ಮನೆಯವರಿಗೂ ಹಾಗೆಯೇ ಹಾಕಿಬಿಟ್ಟಿದ್ದ.

ಲಾಯರಮ್ಮ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ಅಪ್ಪ, ನಾವು ನಾಲ್ಕೂ ಜನ ಒಟ್ಟಿಗೆ ಇರೋದು ಯಾವ ದಿನ?"

"ರಾತ್ರಿ ರೂಮಲ್ಲಿ ಇರ್ತೀವಲ್ಲ ಪುಟ್ಟ."

"ರೂಮಲ್ಲಲ್ಲ, ಪಾರ್ಕಲ್ಲಿ. ನನಗೆ ನಾಲ್ಕು ದಿನ ಬೇಡ. ಒಂದೇ ಒಂದು ಆಟ ಸಾಕು, ಆದ್ರೆ ಎಲ್ಲರೂ. ಅಣ್ಣನೂ."

"ಅವನಿಗಾಗಲ್ಲ ಮಗಳೇ."

"ನೋಡಿದೀಯಾ? ನೋಡದೆ ಹೇಗೆ ಹೇಳ್ತೀಯ?"

ವಾದ ಸರಿಯಾಗಿತ್ತು. ನೋಡೋಣವೆಂದು ಹೆಂಡತಿ ಫೋನಿನಲ್ಲಿ ಪಾರ್ಕಿನ ವಿಡಿಯೊ ಹಾಕಿ ಮೇಜಿನ ಮೇಲಿಟ್ಟಳು. ಮೊದಮೊದಲು ಸದ್ದು ಸಣ್ಣಗಿತ್ತು. ದೊರೆ ಗುಂಡಿ ತಿರುಗಿಸುವುದನ್ನು ಬಿಟ್ಟು ಬಣ್ಣದ ಚಕ್ರವನ್ನೇ ನೋಡಿದ. ಲಾಯರಮ್ಮನ ಮುಖ ಅರಳಿತು. ಸ್ವಲ್ಪ ಜೋರು ಮಾಡಿದರು. ಆಗಲೂ ನೋಡಿದ. ಡ್ಯೂಟಿಯಪ್ಪನಿಗೂ ಎಲ್ಲೋ ಒಂದು ಆಸೆ ಚಿಗುರಿತು. ಇನ್ನೂ ಒಂದಿಷ್ಟು ಜೋರು ಮಾಡಿ, ಆಟದ ರೈಲು ಮೇಲಿಂದ ಕೆಳಕ್ಕೆ ಧುಮುಕಿ ಜನ ಕಿರುಚಿದ್ದೇ ತಡ, ದೊರೆ ಎರಡೂ ಕಿವಿ ಮುಚ್ಚಿಕೊಂಡು ಮೇಜಿಗೆ ಹಣೆ ಚಚ್ಚತೊಡಗಿದ. ಕುರ್ಚಿ ಉರುಳಿತು. ಅಪ್ಪ ಅವನ ತೋಳು ಹಿಡಿಯಲು ಹೋಗಿ ಕೆನ್ನೆಗೆ ಏಟು ತಿಂದ, ಅಮ್ಮ "ಏನಿಲ್ಲ ಕಂದ, ಏನಿಲ್ಲ" ಎನ್ನುತ್ತ ಫೋನು ಹುಡುಕಿದಳು. ಅಷ್ಟು ದೊಡ್ಡ ಹುಡುಗನನ್ನು ಹಿಡಿದಿಡಲು ಈಗ ಅಪ್ಪನ ಕೈಯಲ್ಲಿ ಆಗುತ್ತಿರಲಿಲ್ಲ. ಇನ್ನೆರಡು ವರ್ಷ ಕಳೆದರೆ ಏನು ಗತಿ ಎಂದು ಅವನಿಗೆ ಭಯವಾಯಿತು.

ಫೋನು ಆರಿಸಿದವಳು ಲಾಯರಮ್ಮ. ಒಳಗೆ ಓಡಿ ದಪ್ಪನೆಯ ರಜಾಯಿ ತಂದಳು. ನೆಲದ ಮೇಲೆ ಮುದುಡಿ ಬಿದ್ದಿದ್ದ ಅಣ್ಣನಿಗೆ ಹೊದಿಸಿ, ಅವನ ಬೆನ್ನಿಗೆ ತನ್ನ ಬೆನ್ನು ಒತ್ತಿ ಕೂತು, ಬಾಯಿ ಮುಚ್ಚಿಕೊಂಡೇ ಒಂದೇ ಸ್ವರದಲ್ಲಿ ಗುನುಗತೊಡಗಿದಳು. "ಅಪ್ಪ, ಮುಟ್ಟಬೇಡ ಅವನ್ನ. ಮುಟ್ಟಿದ್ರೆ ಜಾಸ್ತಿಯಾಗತ್ತೆ" ಎಂದು ಮಧ್ಯದಲ್ಲೊಮ್ಮೆ ಹೇಳಿದಳು. ಡ್ಯೂಟಿಯಪ್ಪ ಕೈ ಹಿಂತೆಗೆದ. ರಜಾಯಿಯೊಳಗಿನ ಒದ್ದಾಟ ನಿಧಾನವಾಗಿ ತಗ್ಗಿತು. ಆಮೇಲೆ ಬರೀ ಉಸಿರು ಕೇಳಿಸಿತು.

ಅವನು ಹೆಂಡತಿಯನ್ನು ನೋಡಿದ. "ಇದನ್ನೆಲ್ಲ ಯಾರು ಹೇಳ್ಕೊಟ್ರು ಇವಳಿಗೆ?"

"ಯಾರೂ ಇಲ್ಲ" ಎಂದಳು ಅವಳು ತಗ್ಗಿದ ದನಿಯಲ್ಲಿ. "ನೀವು ಡಿಪೋದಲ್ಲಿರುವಾಗ ನಾನು ಬಟ್ಟೆ ಒಣಗಿಸೋಕೆ ಮೇಲೆ ಹೋಗ್ತೀನಿ, ಸ್ನಾನಕ್ಕೆ ಹೋಗ್ತೀನಿ. ಅವಳಾಗೇ ಬಂದು ಕೂರ್ತಾಳೆ. ನಾನು ಬೇಡ ಅಂತ ಬೈದು ನೋಡಿದೆ. ನಿಮಗೆ ಹೇಳಿದ್ರೆ ಬೇಜಾರು ಮಾಡ್ಕೋತೀರಿ ಅಂತ ಹೇಳ್ಲಿಲ್ಲ."

ಇಷ್ಟು ವರ್ಷ ಯಾವುದನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದೆಂದು ಬಾಗಿಲು ಕಾದನೋ ಅದು ಹಿತ್ತಿಲಿನಿಂದ ಯಾವಾಗಲೋ ಬಂದು ಕೂತಿತ್ತು. ಯಾರ ಮೇಲೆ ಸಿಟ್ಟಾಗುವುದೆಂದು ತಿಳಿಯದೆ ಅವನು ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ.

ದೊರೆ ನಿದ್ದೆ ಹೋದ ಮೇಲೆ ಲಾಯರಮ್ಮ ಎದ್ದು ಬಂದು ಹಾಳೆಯ ಮುಂದೆ ಕೂತಳು. ಅವಳ ಕಣ್ಣು ಒದ್ದೆಯಾಗಿತ್ತು. "ನಾಲ್ಕೂ ಜನ ಆಗಲ್ಲ, ಒಪ್ಕೊಂಡೆ" ಎಂದು ಮೂಗು ಒರೆಸಿಕೊಂಡಳು. "ಆದ್ರೆ ನಾಲ್ಕು ದಿನವೂ ಬೇಡ. ಎರಡೇ ಸಾಕು."

"ಎರಡರಲ್ಲಿ ಆಗಲ್ಲ. ನಾನು ಎಲ್ಲಾ ಥರದಲ್ಲೂ ಹಾಕಿ ನೋಡಿದೀನಿ."

"ಇಬ್ಬರನ್ನೇ ಇಟ್ಕೊಂಡು ಹಾಕಿದೀಯ, ಅದಕ್ಕೇ ಆಗ್ತಿಲ್ಲ. ನನ್ನನ್ನೂ ಸೇರಿಸು. ಮೊದಲನೇ ಸಾಯಂಕಾಲ ರೂಮಲ್ಲಿ ನಾನಿರ್ತೀನಿ, ಅಣ್ಣ ಬೇಗ ಹೊಂದ್ಕೋತಾನೆ. ಮಾರನೇ ದಿನ ಬೆಳಿಗ್ಗೆ ಅಮ್ಮನ ಜೊತೆ ನಾನು, ಮಧ್ಯಾಹ್ನ ನಿನ್ನ ಜೊತೆ. ಆಮೇಲೆ ನಾನು ರೂಮಿಗೆ ಬರ್ತೀನಿ, ನೀವಿಬ್ರೂ ಹೋಗಿ. ದೊಡ್ಡ ಚಕ್ರದಲ್ಲಿ ಕೂತ್ಕೊಳ್ಳಿ."

ಡ್ಯೂಟಿಯಪ್ಪನ ಕಣ್ಣು ತಾನಾಗಿಯೇ ಹಾಳೆಯ ಮೇಲೆ ಓಡಿತು. ಅಭ್ಯಾಸ ಬಲ, ಮನಸ್ಸು ಬೇಡವೆಂದರೂ ತಲೆ ಲೆಕ್ಕ ಹಾಕಿಬಿಟ್ಟಿತು. ಅವಳು ಹೇಳಿದ್ದು ಎಲ್ಲೂ ತಪ್ಪಿರಲಿಲ್ಲ. ಅವನು ವಾರಗಟ್ಟಲೆ ಕೂತು ಹಾಕಿದ್ದಕ್ಕಿಂತ ಅಚ್ಚುಕಟ್ಟಾಗಿತ್ತು. ಅದನ್ನು ಕಂಡು ಅವನಿಗೆ ಅಳು ಬಂತು.

"ಇದು ನಿನ್ನ ರಜೆ ಪುಟ್ಟ" ಎಂದ. "ನಿನಗೋಸ್ಕರ ಹೋಗ್ತಿರೋದು. ಅಲ್ಲೂ ನೀನು ಅಣ್ಣನ್ನ ಕಾಯ್ಕೊಂಡು ಕೂರೋದಾ? ಬೇಡ. ನಾನಿದೀನಿ, ನಿಮ್ಮಮ್ಮ ಇದಾಳೆ."

"ನೀವಿರೋವಾಗ್ಲೇ ಕಲ್ತ್ಕೋಬೇಕಲ್ವಾ ಅಪ್ಪ?"

ಹೆಂಡತಿ ಸರಕ್ಕನೆ ಮುಖ ತಿರುಗಿಸಿದಳು. ಅವನು ಮಗಳ ಕಡೆಗೆ ಬಗ್ಗಿದ. "ಯಾರು ಹೇಳಿದ್ರು ನಿನಗೆ ಹೀಗೆಲ್ಲ? ಅತ್ತೆ ಏನಾದ್ರೂ ಅಂದಳಾ?"

"ಯಾರಾದ್ರೂ ಹೇಳ್ಬೇಕಾ? ನನಗೆ ಕೂಡಿಸೋಕೆ ಬರಲ್ವಾ? ಅಣ್ಣನಿಗೂ ನನಗೂ ಮೂರೇ ವರ್ಷ ವ್ಯತ್ಯಾಸ. ನಿನಗೂ ಅವನಿಗೂ ಎಷ್ಟು ಅಂತ ನೀನೇ ನೋಡ್ಕೋ." ಅವಳ ದನಿಯಲ್ಲಿ ದೂರು ಇರಲಿಲ್ಲ. ಮನೆಪಾಠದ ಲೆಕ್ಕಕ್ಕೆ ಉತ್ತರ ಹೇಳುವಾಗಿನ ದನಿ ಅದು. ಪೆನ್ನನ್ನು ಅಪ್ಪನ ಕಡೆ ಸರಿಸಿದಳು. "ಹಾಕು ಅಪ್ಪ. ಹೊಸಬರಿಗೆ ಮೊದಲನೇ ದಿನ ಎಷ್ಟು ಹೊತ್ತು ಹಾಕ್ತೀಯೋ ಅಷ್ಟೇ ಹಾಕು."

ಬೇಡ ಎನ್ನಬೇಕಿತ್ತು. ಬೈದು ಹಾಳೆ ಹರಿದು ಎಸೆಯಬೇಕಿತ್ತು. ಎಸೆದರೂ ಆಗುವುದೇನು, ನಾಳೆ ಅವನು ಡಿಪೋಗೆ ಹೋದ ಮೇಲೆ ಅವಳು ಮತ್ತೆ ಅಲ್ಲೇ ಹೋಗಿ ಕೂರುತ್ತಾಳೆ. ಡ್ಯೂಟಿಯಪ್ಪ ಪೆನ್ನು ತೆಗೆದುಕೊಂಡ. ಎರಡನೇ ದಿನದ ಸಾಯಂಕಾಲದ ಚೌಕದಲ್ಲಿ, ಒಂದು ಗಂಟೆಗೆಂದು, ಮಗಳ ಹೆಸರು ಬರೆದ. ಜೀವಮಾನದಲ್ಲಿ ಸಾವಿರಾರು ಹೆಸರು ಬರೆದ ಕೈ ಅದೊಂದು ಹೆಸರಿಗೆ ಎರಡು ಕಡೆ ತಡೆದು ನಿಂತಿತು. ಅದರ ಪಕ್ಕದ ಚೌಕದಲ್ಲಿ, ಪಾಳಿ ಮುಗಿದ ಮೇಲೆ ಬಂದು ಅವಳನ್ನು ಬಿಡಿಸುವವರು ಯಾರು ಎಂದು ಬರೆಯಬೇಕಿತ್ತು. ಅವನು ಹೆಂಡತಿಯತ್ತ ನೋಡಿದ, ರಜಾಯಿಯ ಕೆಳಗೆ ಮಲಗಿದ್ದ ಮಗನತ್ತ ನೋಡಿದ. ಮಗಳು ಕಾಯುತ್ತಿದ್ದಳು. ಈ ಸಲಕ್ಕೆ ತನ್ನ ಹೆಸರನ್ನೇ ಬರೆದ.